ಒಂದು ಸ್ಥಾನ, ಇಬ್ಬರು ವಿದ್ಯಾರ್ಥಿಗಳು: ಅಲಬಾಮದ ಕ್ವಾರ್ಟರ್‌ಬ್ಯಾಕ್ ವಿವಾದದ ಒಂದು ಪರಿಶೀಲನೆ

೧. ವಿಷಯ ಪ್ರವೇಶ

ತಮ್ಮ ಕೈಯಲ್ಲಿಲ್ಲದ ತೀರ್ಮಾನವೊಂದನ್ನು ಕುರಿತು ಜನರು ತಿಂಗಳುಗಟ್ಟಲೆ ವಾದಮಾಡುವುದು ಲೋಕದಲ್ಲಿ ಅಪೂರ್ವವೇನೂ ಅಲ್ಲ. ಅಂತಹ ವಾದವನ್ನು ವಿದ್ವಾಂಸರು ಸಾಮಾನ್ಯವಾಗಿ ಕಾಲಹರಣವೆಂದು ಎಣಿಸಿ ಕಡೆಗಣಿಸುತ್ತಾರೆ. ಆದರೆ ಜನಸಾಮಾನ್ಯರು ಅಪೂರ್ಣವಾದ ಪ್ರಮಾಣಗಳಿಂದ ತೀರ್ಮಾನಕ್ಕೆ ಬರುವ ರೀತಿಯನ್ನು ಅರಿಯಬಯಸುವವರಿಗೆ ಇಂತಹ ವಾದಗಳಿಗಿಂತ ಒಳ್ಳೆಯ ಸಾಮಗ್ರಿ ದೊರೆಯುವುದು ಕಷ್ಟ. ಇಲ್ಲಿ ಪ್ರಮಾಣಗಳು ಬಹಿರಂಗವಾಗಿರುತ್ತವೆ; ಪ್ರತಿಯೊಂದು ಎಸೆತಕ್ಕೂ ಲೆಕ್ಕವಿರುತ್ತದೆ; ಮುಂದೆ ನಡೆದುದೇನೆಂಬುದೂ ತಿಳಿದುಬರುತ್ತದೆ. ಹೀಗಾಗಿ ವಾದಿಗಳು ಎಲ್ಲಿ ಸರಿಯಾಗಿ ಯೋಚಿಸಿದರು, ಎಲ್ಲಿ ಎಡವಿದರು ಎಂಬುದನ್ನು ಅನಂತರ ನಿಧಾನವಾಗಿ ಪರೀಕ್ಷಿಸಬಹುದು.

ಪ್ರಸ್ತುತ ಲೇಖನದಲ್ಲಿ ನಾವು ಅಮೆರಿಕ ಸಂಯುಕ್ತ ಸಂಸ್ಥಾನದ ಅಲಬಾಮ ವಿಶ್ವವಿದ್ಯಾನಿಲಯದ ಫುಟ್ಬಾಲ್ ತಂಡದಲ್ಲಿ ೨೦೧೮ರಲ್ಲಿ ಎದ್ದ ಒಂದು ವಿವಾದವನ್ನು ಎತ್ತಿಕೊಂಡಿದ್ದೇವೆ. ತಂಡದ ಮುಖ್ಯ ಸ್ಥಾನವಾದ ಕ್ವಾರ್ಟರ್‌ಬ್ಯಾಕ್ ಸ್ಥಾನವನ್ನು ಎರಡು ವರ್ಷಗಳಿಂದ ವಹಿಸಿಕೊಂಡಿದ್ದ ಜೇಲನ್ ಹರ್ಟ್ಸ್ ಅವರೇ ಮುಂದುವರಿಯಬೇಕೆ, ಅಥವಾ ಒಂದೇ ಒಂದು ಅರ್ಧಪಂದ್ಯದಲ್ಲಿ ದೇಶದ ಗಮನವನ್ನೆಲ್ಲ ಸೆಳೆದ ಟೂವಾ ಟಾಗೊವೈಲೋವಾ ಅವರು ಬರಬೇಕೆ ಎಂಬುದು ಅಲ್ಲಿಯ ಪ್ರಶ್ನೆ. ಅಭಿಮಾನಿಗಳು ಒಂದೇ ಮಾತನ್ನು ಹಿಡಿದು ವಾದಿಸುತ್ತಿದ್ದಂತೆ ತೋರಿದರೂ ವಾಸ್ತವವಾಗಿ ಮೂರು ಬೇರೆಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರೆಂಬುದನ್ನೂ, ಅವುಗಳಲ್ಲಿ ಯಾವುದಕ್ಕೂ ಅವರ ಕೈಯಲ್ಲಿದ್ದ ಪ್ರಮಾಣ ಸಾಲುತ್ತಿರಲಿಲ್ಲವೆಂಬುದನ್ನೂ ತೋರಿಸುವುದು ನಮ್ಮ ಉದ್ದೇಶ.

೨. ಆಟ ಮತ್ತು ಸ್ಥಾನ

ನಮ್ಮ ನಾಡಿನಲ್ಲಿ ಫುಟ್ಬಾಲ್ ಎಂದರೆ ಕಾಲಿನಿಂದ ಒದೆಯುವ ದುಂಡುಚೆಂಡಿನ ಆಟವೆಂದೇ ರೂಢಿ. ಅಮೆರಿಕದವರ ಫುಟ್ಬಾಲ್ ಬೇರೆ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಮುಖ್ಯವಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ ಅಥವಾ ಎಸೆಯುತ್ತಾರೆ. ಪ್ರತಿ ಪಕ್ಷದಲ್ಲಿಯೂ ಒಮ್ಮೆಗೆ ಹನ್ನೊಂದು ಮಂದಿ ಕಣದಲ್ಲಿರುತ್ತಾರೆ. ಕಣದ ಉದ್ದ ೧೦೦ ಗಜ. ಚೆಂಡು ಯಾರ ಕೈಯಲ್ಲಿದೆಯೋ ಆ ಪಕ್ಷಕ್ಕೆ ನಾಲ್ಕು ಪ್ರಯತ್ನಗಳು ಸಲ್ಲುತ್ತವೆ. ಆ ನಾಲ್ಕರೊಳಗೆ ೧೦ ಗಜ ಮುಂದುವರಿದರೆ ಮತ್ತೆ ನಾಲ್ಕು ಪ್ರಯತ್ನಗಳು ದೊರೆಯುತ್ತವೆ, ಇಲ್ಲವಾದರೆ ಚೆಂಡು ಎದುರು ಪಕ್ಷಕ್ಕೆ ಹೋಗುತ್ತದೆ. ಕಣದ ಕೊನೆಯ ಗೆರೆಯನ್ನು ದಾಟಿ ಚೆಂಡನ್ನು ಒಯ್ದರೆ ಅದು ಟಚ್‌ಡೌನ್. ಅದಕ್ಕೆ ಆರು ಅಂಕ. ಕಂಬಗಳ ನಡುವೆ ಚೆಂಡನ್ನು ಒದ್ದು ದಾಟಿಸಿದರೆ ಫೀಲ್ಡ್ ಗೋಲು; ಅದಕ್ಕೆ ಮೂರು ಅಂಕ.

ಪ್ರತಿಯೊಂದು ಪ್ರಯತ್ನವೂ ಮುಂಚೂಣಿಯ ನಡುವಣ ಆಟಗಾರನು ಚೆಂಡನ್ನು ತನ್ನ ಹಿಂದಿರುವವನಿಗೆ ಕೊಡುವುದರಿಂದ ಆರಂಭವಾಗುತ್ತದೆ. ಹಾಗೆ ಚೆಂಡನ್ನು ಪಡೆಯುವವನೇ ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್. ಮುಂಚೂಣಿಗೂ ಹಾಫ್‌ಬ್ಯಾಕ್ ಎಂಬ ಹಿಂಸಾಲಿನವರಿಗೂ ಮಧ್ಯೆ ನಿಲ್ಲುತ್ತಿದ್ದುದರಿಂದ ಈ ಹೆಸರು ಬಂದಿತು. ೧೯೦೬ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ ನಿಯಮಗಳು ಅನುಮತಿಯಿತ್ತ ಮೇಲೆ ಈ ಸ್ಥಾನದ ಮಹತ್ವ ಕ್ರಮೇಣ ಬೆಳೆಯಿತು. ಇಂದು ಚೆಂಡನ್ನು ಓಟಗಾರನ ಕೈಗೆ ಕೊಡುವುದೇ, ತಾನೇ ಓಡುವುದೇ, ಮುಂದೆ ಧಾವಿಸುತ್ತಿರುವ ಜೊತೆಗಾರನಿಗೆ ಎಸೆಯುವುದೇ ಎಂಬುದನ್ನು ಅವನು, ಭಾರಿ ಮೈಕಟ್ಟಿನ ಎದುರಾಳಿಗಳು ತನ್ನ ಮೇಲೆ ನುಗ್ಗುತ್ತಿರುವಾಗಲೇ, ಕೆಲವು ಕ್ಷಣಗಳಲ್ಲಿ ನಿರ್ಧರಿಸಬೇಕು.

ವಿವಾದದ ಮೂಲವನ್ನು ತಿಳಿಯಲು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಓಟಗಾರರು ಇಬ್ಬರು ಮೂವರು ಸರದಿಯಂತೆ ಆಡಬಹುದು; ಚೆಂಡು ಹಿಡಿಯುವವರು ನಾಲ್ಕೈದು ಮಂದಿ ಒಟ್ಟಿಗೇ ಕಣದಲ್ಲಿರಬಹುದು. ಆದರೆ ಕ್ವಾರ್ಟರ್‌ಬ್ಯಾಕ್ ಸ್ಥಾನವನ್ನು ಹಂಚಿಕೊಳ್ಳುವುದು ವಿರಳ. ಒಬ್ಬನು ಆಡುವಾಗ ಇನ್ನೊಬ್ಬನು ಕಣದಂಚಿನಲ್ಲಿ ನಿಂತು ನೋಡುತ್ತಿರುತ್ತಾನೆ. ಆಡುವವನ ದೋಷಗಳೆಲ್ಲ ಒಂದು ಲಕ್ಷ ಪ್ರೇಕ್ಷಕರಿಗೆ ಕಾಣುತ್ತವೆ. ನಿಂತವನ ದೋಷಗಳು ಅಭ್ಯಾಸದ ಅಂಗಳದಲ್ಲಿ ಅವನ ಗುರುಗಳಿಗೆ ಮಾತ್ರ ಕಾಣುತ್ತವೆ.

೩. ನಡೆದ ಸಂಗತಿ

ಟೆಕ್ಸಸ್ ಸಂಸ್ಥಾನದಿಂದ ಬಂದ ಹರ್ಟ್ಸ್ ಅವರು ೨೦೧೬ರಲ್ಲಿ ಮೊದಲನೆಯ ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ ಅಲಬಾಮದ ಕ್ವಾರ್ಟರ್‌ಬ್ಯಾಕ್ ಆದರು. ಅವರೂ ಇನ್ನೊಬ್ಬರ ಸ್ಥಾನಕ್ಕೇ ಬಂದವರೆಂಬುದನ್ನು ಮರೆಯಬಾರದು. ಆ ವರ್ಷದ ಮೊದಲ ಪಂದ್ಯವನ್ನು ಆರಂಭಿಸಿದವರು ಬ್ಲೇಕ್ ಬಾರ್ನೆಟ್. ಆ ಪಂದ್ಯದಲ್ಲಿಯೇ ಹರ್ಟ್ಸ್ ಒಳಬಂದರು, ತಿಂಗಳು ಕಳೆಯುವುದರೊಳಗೆ ಬಾರ್ನೆಟ್ ತಂಡವನ್ನು ಬಿಟ್ಟರು. ಹರ್ಟ್ಸ್ ಅವರ ಮುಂದಾಳುತನದಲ್ಲಿ ತಂಡ ರಾಷ್ಟ್ರೀಯ ಅಂತಿಮ ಪಂದ್ಯದವರೆಗೆ ಹೋಗಿ, ೨೦೧೭ರ ಜನವರಿಯಲ್ಲಿ ಕ್ಲೆಮ್‌ಸನ್ ತಂಡಕ್ಕೆ ೩೫-೩೧ರಿಂದ ಸೋತಿತು. ಮರುವರ್ಷವೂ ತಂಡ ಅಂತಿಮ ಪಂದ್ಯವನ್ನು ಮುಟ್ಟಿತು.

೨೦೧೮ರ ಜನವರಿ ೮ರಂದು ಅಟ್ಲಾಂಟ ನಗರದಲ್ಲಿ ನಡೆದ ಆ ಪಂದ್ಯದಲ್ಲಿ ಎದುರಾಳಿ ಜಾರ್ಜಿಯ. ಅರ್ಧಕಾಲದ ವೇಳೆಗೆ ಜಾರ್ಜಿಯ ೧೩-೦ಯಿಂದ ಮುಂದಿತ್ತು. ಹರ್ಟ್ಸ್ ಅವರು ಮಾಡಿದ ಎಂಟು ಎಸೆತಗಳಲ್ಲಿ ಮೂರು ಮಾತ್ರ ಜೊತೆಗಾರರ ಕೈ ಸೇರಿದ್ದವು. ಅವುಗಳಿಂದ ಗಳಿಸಿದ್ದು ೨೧ ಗಜ. ವಿರಾಮದ ತರುವಾಯ ಪ್ರಧಾನ ತರಬೇತುದಾರರಾದ ನಿಕ್ ಸೇಬನ್ ಅವರು, ಹವಾಯಿ ದ್ವೀಪದಿಂದ ಬಂದ, ಎಡಗೈಯಲ್ಲಿ ಎಸೆಯುವ, ಮೊದಲನೆಯ ವರ್ಷದ ವಿದ್ಯಾರ್ಥಿ ಟಾಗೊವೈಲೋವಾ ಅವರನ್ನು ಕಣಕ್ಕಿಳಿಸಿದರು. ಪಂದ್ಯದ ನಿಗದಿತ ಕಾಲ ಮುಗಿದಾಗ ಎರಡು ಪಕ್ಷಗಳೂ ೨೦-೨೦ರಲ್ಲಿ ಸಮನಾಗಿದ್ದವು. ಹೆಚ್ಚುವರಿ ಆಟದಲ್ಲಿ ಜಾರ್ಜಿಯ ಮೂರು ಅಂಕ ಪಡೆಯಿತು. ಅಲಬಾಮದ ಸರದಿಯ ಮೊದಲ ಪ್ರಯತ್ನದಲ್ಲಿ ಟಾಗೊವೈಲೋವಾ ಎದುರಾಳಿಗಳ ಕೈಗೆ ಸಿಕ್ಕು ತಂಡ ೧೬ ಗಜ ಹಿಂದೆ ಸರಿಯಿತು. ಮುಂದಿನ ಪ್ರಯತ್ನದಲ್ಲಿಯೇ ಅವರು ಡಿವಾಂಟ ಸ್ಮಿತ್ ಅವರಿಗೆ ೪೧ ಗಜಗಳ ಎಸೆತವನ್ನು ಎಸೆದರು. ಅದು ಟಚ್‌ಡೌನ್ ಆಯಿತು. ಅಲಬಾಮ ೨೬-೨೩ರಿಂದ ಗೆದ್ದಿತು.

ಅಂದಿನಿಂದ ಸೆಪ್ಟೆಂಬರ್ ೧ರಂದು ಹೊಸ ವರ್ಷದ ಮೊದಲ ಪಂದ್ಯ ನಡೆಯುವವರೆಗೆ, ಸುಮಾರು ಎಂಟು ತಿಂಗಳು, ಆ ಸಂಸ್ಥಾನದಲ್ಲಿ ಈ ಚರ್ಚೆಗೆ ಬಿಡುವಿರಲಿಲ್ಲ. ಶ್ರೋತೃಗಳು ದೂರವಾಣಿಯ ಮೂಲಕ ಭಾಗವಹಿಸುವ ಬಾನುಲಿ ಕಾರ್ಯಕ್ರಮಗಳಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ, ಊಟದ ಮನೆಗಳಲ್ಲಿ ಇದೇ ಮಾತು. ತರಬೇತುದಾರರು ಮಾತ್ರ ಕೊನೆಯವರೆಗೂ ಹೆಸರನ್ನು ಪ್ರಕಟಿಸಲಿಲ್ಲ.

೪. ಒಂದು ಮಾತಿನೊಳಗಿನ ಮೂರು ಪ್ರಶ್ನೆಗಳು

‘ಯಾರು ಆಡಬೇಕು?’ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಒಂದೇ ಆದರೂ ಅದರೊಳಗೆ ಮೂರು ಪ್ರಶ್ನೆಗಳು ಅಡಗಿವೆ. ಮೊದಲನೆಯದು ಸಾಮರ್ಥ್ಯದ ಪ್ರಶ್ನೆ: ಇಬ್ಬರಲ್ಲಿ ಯಾರು ಹೆಚ್ಚು ಸಮರ್ಥರು? ಎರಡನೆಯದು ಭವಿಷ್ಯದ ಪ್ರಶ್ನೆ: ಮುಂದಿನ ಪಂದ್ಯಗಳನ್ನು ಗೆಲ್ಲಲು ಯಾರಿಂದ ಹೆಚ್ಚು ಅನುಕೂಲ? ಮೂರನೆಯದು ನ್ಯಾಯದ ಪ್ರಶ್ನೆ: ಈ ಸ್ಥಾನಕ್ಕೆ ಯಾರು ಅರ್ಹರು, ಯಾರಿಗೆ ಸಲ್ಲಬೇಕು?

ಹರ್ಟ್ಸ್ ಅವರ ಪಕ್ಷದವರು ಬಹುಮಟ್ಟಿಗೆ ಮೂರನೆಯ ಪ್ರಶ್ನೆಗೆ ಉತ್ತರ ಹೇಳುತ್ತಿದ್ದರು. ಎರಡು ವರ್ಷ ತಂಡವನ್ನು ನಡೆಸಿ, ಎರಡು ಬಾರಿ ಅಂತಿಮ ಪಂದ್ಯಕ್ಕೆ ಒಯ್ದವರನ್ನು ಒಂದು ಕೆಟ್ಟ ಅರ್ಧಕ್ಕಾಗಿ ಕೈಬಿಡುವುದು ಕೃತಘ್ನತೆಯೆಂಬುದು ಅವರ ಭಾವ. ಅಂದು ರಾತ್ರಿ ತಮ್ಮ ಸ್ಥಾನ ಇನ್ನೊಬ್ಬರಿಗೆ ಹೋದ ಮೇಲೂ ಹರ್ಟ್ಸ್ ಅವರು ಕಣದಂಚಿನಲ್ಲಿ ನಿಂತು ಆ ಇನ್ನೊಬ್ಬರ ಗೆಲುವಿಗೆ ಸಂತೋಷಪಟ್ಟುದನ್ನು ದೇಶವೇ ಕಂಡಿತ್ತು. ಟಾಗೊವೈಲೋವಾ ಅವರ ಪಕ್ಷದವರು ಹೆಚ್ಚಾಗಿ ಎರಡನೆಯ ಪ್ರಶ್ನೆಗೆ ಉತ್ತರ ಹೇಳುತ್ತಿದ್ದರು. ಹಿಂದಿನ ಸೇವೆಗೆ ಗೌರವವಿರಲಿ, ಆದರೆ ಪ್ರಬಲ ಎದುರಾಳಿಯ ಮುಂದೆ ದೂರದ ಎಸೆತ ಬೇಕಾದಾಗ ಅದನ್ನು ಎಸೆಯಬಲ್ಲವರು ಬೇಕು ಎಂಬುದು ಅವರ ನಿಲುವು.

ಕೃತಜ್ಞತೆಯ ಮಾತಿಗೆ ಭವಿಷ್ಯದ ಅಂದಾಜು ಉತ್ತರವಾಗಲಾರದು. ಭವಿಷ್ಯದ ಅಂದಾಜಿಗೆ ಕೃತಜ್ಞತೆ ಉತ್ತರವಾಗಲಾರದು. ಎರಡೂ ಕಡೆಯವರು ‘ಉತ್ತಮ’ ಎಂಬ ಒಂದೇ ಪದವನ್ನು ಬಳಸುತ್ತಿದ್ದುದರಿಂದ, ಎದುರಿನವನು ಕಣ್ಣಿದ್ದೂ ಕುರುಡನೆಂದು ಪ್ರತಿಯೊಬ್ಬನಿಗೂ ತೋರುತ್ತಿತ್ತು. ಪದವೊಂದೇ ಆಗಿ ಅರ್ಥ ಬೇರೆಯಾದಲ್ಲಿ ವಾದ ಮುಗಿಯುವುದಿಲ್ಲವೆಂಬ ತರ್ಕಶಾಸ್ತ್ರದ ಹಳೆಯ ಪಾಠಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೫. ಎಂಟು ಎಸೆತಗಳ ಬೆಲೆ

ಇನ್ನು ಮೊದಲನೆಯದಾದ ಸಾಮರ್ಥ್ಯದ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಎಂಟರಲ್ಲಿ ಮೂರು ಎಂಬ ಲೆಕ್ಕ ವಿವಾದದುದ್ದಕ್ಕೂ ಕೇಳಿಬಂದಿತು. ಅದರ ಬೆಲೆಯೆಷ್ಟೆಂಬುದನ್ನು ಗಣಿತದಿಂದ ತೂಗಿ ನೋಡಬಹುದು.

೨೦೧೭ರ ಆಟದ ವರ್ಷದಲ್ಲಿ, ಈ ಅಂತಿಮ ಪಂದ್ಯವೂ ಸೇರಿ, ಹರ್ಟ್ಸ್ ಅವರು ೨೫೫ ಎಸೆತಗಳನ್ನು ಎಸೆದಿದ್ದರು. ಅವುಗಳಲ್ಲಿ ೧೫೪ ಗುರಿ ಸೇರಿದ್ದವು. ಅಂದರೆ ನೂರಕ್ಕೆ ಸುಮಾರು ೬೦. ಪ್ರತಿಯೊಂದು ಎಸೆತವೂ ಗುರಿ ಸೇರುವ ಸಂಭವ ನೂರಕ್ಕೆ ೬೦ ಇರುವ ಒಬ್ಬ ಆಟಗಾರನನ್ನು ಊಹಿಸಿಕೊಳ್ಳೋಣ. ಅವನು ಎಂಟು ಎಸೆತಗಳನ್ನು ಎಸೆದಾಗ ಮೂರು ಅಥವಾ ಅದಕ್ಕಿಂತ ಕಡಮೆ ಎಸೆತಗಳು ಮಾತ್ರ ಗುರಿ ಸೇರುವ ಸಂಭವವೆಷ್ಟು? ದ್ವಿಪದ ವಿತರಣೆಯ ನಿಯಮದಂತೆ ಲೆಕ್ಕಹಾಕಿದರೆ ಅದು ೦.೧೭, ಎಂದರೆ ಆರರಲ್ಲಿ ಒಂದಕ್ಕಿಂತ ತುಸು ಹೆಚ್ಚು. ದಾಳವನ್ನು ಉರುಳಿಸಿದಾಗ ನಾವು ಬಯಸಿದ ಸಂಖ್ಯೆಯೇ ಬೀಳುವಷ್ಟು ಸಾಮಾನ್ಯವಾದ ಸಂಗತಿ ಅದು. ೨೫೫ ಎಸೆತಗಳನ್ನು ಎಂಟೆಂಟರ ಗುಂಪುಗಳಾಗಿ ವಿಂಗಡಿಸಿದರೆ ಸುಮಾರು ೩೨ ಗುಂಪುಗಳಾಗುತ್ತವೆ. ಸಾಮರ್ಥ್ಯದಲ್ಲಿ ಯಾವ ಕುಂದೂ ಬಾರದಿದ್ದರೂ ಅವುಗಳಲ್ಲಿ ಐದಾರು ಗುಂಪುಗಳು ಇಷ್ಟೇ ಕೆಟ್ಟದಾಗಿರುವುದನ್ನು ನಿರೀಕ್ಷಿಸಬೇಕು.

ಈ ಲೆಕ್ಕಕ್ಕೂ ಮಿತಿಗಳಿವೆಯೆಂಬುದನ್ನು ಹೇಳಬೇಕಾದುದು ನ್ಯಾಯ. ಎಸೆತಗಳೆಲ್ಲ ಸಮಾನ ಕಷ್ಟದವಲ್ಲ. ಜಾರ್ಜಿಯದಂತಹ ಪ್ರಬಲ ಎದುರಾಳಿಯ ಮುಂದೆ ಯಾರ ಎಸೆತಗಳೂ ವರ್ಷದ ಸರಾಸರಿಗಿಂತ ಕಡಮೆ ಗುರಿ ಸೇರುವುದು ಸಹಜ. ಆದರೆ ಈ ತಿದ್ದುಪಡಿ ನಮ್ಮ ನಿರ್ಣಯವನ್ನು ಬಲಪಡಿಸುತ್ತದೆಯೇ ಹೊರತು ದುರ್ಬಲಗೊಳಿಸುವುದಿಲ್ಲ.

ಇದೇ ತಕ್ಕಡಿಯನ್ನು ಇನ್ನೊಂದು ಕಡೆಗೂ ಹಿಡಿಯಬೇಕು. ಅಂತಿಮ ಪಂದ್ಯಕ್ಕೆ ಮುಂಚೆ ಟಾಗೊವೈಲೋವಾ ಅವರು ಆ ವರ್ಷ ಎಸೆದಿದ್ದುದು ೫೩ ಎಸೆತಗಳು, ಗುರಿ ಸೇರಿದ್ದು ೩೫, ನೂರಕ್ಕೆ ೬೬. ಇಷ್ಟು ಕಡಮೆ ಎಸೆತಗಳ ಮೇಲೆ ಕಟ್ಟಿದ ಪ್ರಮಾಣದಲ್ಲಿ ಆರೇಳು ಅಂಶಗಳಷ್ಟು ಹೆಚ್ಚುಕಡಮೆ ಬರಿಯ ಆಕಸ್ಮಿಕದಿಂದಲೇ ಉಂಟಾಗಬಹುದು; ಹೀಗಿರಲು ಇಬ್ಬರ ನಡುವಣ ಐದಾರು ಅಂಶಗಳ ಅಂತರದಿಂದ ಏನನ್ನೂ ಸ್ಥಾಪಿಸಲಾಗದು. ಮೇಲಾಗಿ ಆ ಎಸೆತಗಳಲ್ಲಿ ಬಹುಪಾಲು, ಫಲಿತಾಂಶ ಆಗಲೇ ನಿಶ್ಚಯವಾದ ಪಂದ್ಯಗಳ ಕೊನೆಯಲ್ಲಿ, ಸೋತು ದಣಿದ ಎದುರಾಳಿಗಳ ಮುಂದೆ ಎಸೆದವು. ಅಂತಿಮ ಪಂದ್ಯದಲ್ಲಿ ಅವರು ೨೪ ಎಸೆತಗಳಲ್ಲಿ ೧೪ನ್ನು ಗುರಿ ಸೇರಿಸಿದರು. ಅದು ನೂರಕ್ಕೆ ೫೮; ಹರ್ಟ್ಸ್ ಅವರ ವರ್ಷದ ಸರಾಸರಿಗಿಂತ ತುಸು ಕಡಮೆಯೇ. ಆದರೆ ಅವುಗಳಲ್ಲಿ ಮೂರು ಟಚ್‌ಡೌನ್ ಆದವು. ಒಂದು ಎದುರಾಳಿಯ ಕೈಗೆ ಸಿಕ್ಕಿತು. ಜನರ ನೆನಪಿನಲ್ಲಿ ಉಳಿದುದು ಆ ೨೪ ಎಸೆತಗಳಲ್ಲ, ಕೊನೆಯದೊಂದೇ.

ಹಾಗಾದರೆ ತರಬೇತುದಾರರ ತೀರ್ಮಾನ ತಪ್ಪೇ? ಹಾಗೆ ಹೇಳಲು ಬಾರದು. ಅವರ ಕೈಯಲ್ಲಿದ್ದ ಪ್ರಮಾಣ ಎಂಟು ಎಸೆತಗಳದ್ದಲ್ಲ. ಇಬ್ಬರನ್ನೂ ಅಭ್ಯಾಸದ ಅಂಗಳದಲ್ಲಿ ದಿನವೂ ನೋಡಿದ್ದವರು ಅವರು. ಅಭಿಮಾನಿಗಳಿಗೆ ಆ ಪ್ರಮಾಣ ದೊರೆಯುವುದೇ ಇಲ್ಲ; ಪಂದ್ಯದ ದಿನ ತರಬೇತುದಾರರು ಯಾರನ್ನು ಆಡಿಸುತ್ತಾರೋ ಅವರ ಆಟ ಮಾತ್ರ ಕಾಣುತ್ತದೆ. ಪ್ರಮಾಣವೇ ಹೀಗೆ ಮೊದಲು ಆರಿಸಲ್ಪಟ್ಟು ಬಂದಾಗ ಅದರ ಮೇಲೆ ನಿಂತ ವಾದ ಎಷ್ಟೇ ಚತುರವಾಗಿರಲಿ, ಅದರ ತಳಪಾಯ ಕಿರಿದು.

೬. ಗೆಲುವಿನ ಖಾತೆ ಮತ್ತು ಪದಗಳ ಭಾರ

ಹರ್ಟ್ಸ್ ಅವರ ಪಕ್ಷದವರ ಪ್ರಬಲ ಅಸ್ತ್ರ ಒಂದು ಸಂಖ್ಯೆ: ಅವರು ಆರಂಭಿಸಿದ ೨೮ ಪಂದ್ಯಗಳಲ್ಲಿ ೨೬ ಗೆಲುವು, ೨ ಸೋಲು. ಈ ಸಂಖ್ಯೆ ಸರಿಯಾದದ್ದೇ. ಆದರೆ ಅದನ್ನು ಸ್ವಲ್ಪ ಬಿಡಿಸಿ ನೋಡಿದರೆ ವಿಚಿತ್ರವೊಂದು ಕಾಣುತ್ತದೆ. ಪಂದ್ಯವನ್ನು ಯಾರು ಆರಂಭಿಸಿದರೋ ಅವರ ಖಾತೆಗೆ ಗೆಲುವನ್ನು ಬರೆಯುವುದು ವಾಡಿಕೆ. ಆದಕಾರಣ ಜಾರ್ಜಿಯದ ಮೇಲಿನ ಆ ಅಂತಿಮ ಗೆಲುವು, ಅಂದರೆ ಹರ್ಟ್ಸ್ ಅವರನ್ನು ಹೊರಗಿಟ್ಟು ಪಡೆದ ಗೆಲುವು, ಅವರದೇ ೨೬ ಗೆಲುವುಗಳಲ್ಲಿ ಒಂದಾಗಿ ಸೇರಿಕೊಂಡಿದೆ! ಇನ್ನು ೨೦೧೭ರ ಅಲಬಾಮ ತಂಡ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಪಂದ್ಯವೊಂದಕ್ಕೆ ಸರಾಸರಿ ೧೨ಕ್ಕಿಂತ ಕಡಮೆ ಅಂಕ. ಆ ವರ್ಷ ದೇಶದಲ್ಲಿಯೇ ಅತ್ಯುತ್ತಮವಾದ ರಕ್ಷಣೆ ಅದು. ರಕ್ಷಣೆಯ ವೇಳೆ ಕ್ವಾರ್ಟರ್‌ಬ್ಯಾಕ್ ಕಣದಲ್ಲಿರುವುದೇ ಇಲ್ಲ. ಹನ್ನೊಂದು ಹನ್ನೊಂದು ಮಂದಿಯ ಎರಡು ದಳಗಳು ಸೇರಿ ಪಡೆದುದನ್ನು ಒಬ್ಬರ ಹೆಸರಿಗೆ ಬರೆದು ‘ಗೆಲ್ಲುವವರು’ ಎಂಬ ಬಿರುದನ್ನು ಕೊಡುವುದು ಅಂಕಿಗಳ ದುರುಪಯೋಗ.

ಅಂತೆಯೇ ಅತ್ತಕಡೆಯವರ ಅಸ್ತ್ರವೂ. ನಿಗದಿತ ಕಾಲದ ಕೊನೆಯ ಗಳಿಗೆಯಲ್ಲಿ ಅಲಬಾಮದ ಒದೆಗಾರರು ೩೬ ಗಜಗಳ ದೂರದಿಂದ ಒದ್ದ ಚೆಂಡು ಕಂಬಗಳ ನಡುವೆ ಹೋಗಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು; ಆ ಪ್ರಖ್ಯಾತ ೪೧ ಗಜಗಳ ಎಸೆತಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಇನ್ನೊಬ್ಬರ ವೈಫಲ್ಯದಿಂದ ದೊರೆತ ಅವಕಾಶವೇ ಟಾಗೊವೈಲೋವಾ ಅವರ ಕೀರ್ತಿಗೆ ಕಾರಣವಾಯಿತು.

ಸಂಖ್ಯೆಗಳಂತೆ ಪದಗಳಿಗೂ ಹಿನ್ನೆಲೆಯಿದೆ. ಇಂತಹ ಚರ್ಚೆಗಳಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕನ್ನು ‘ಓಟಗಾರ’ನೆಂದೂ ‘ದೇಹಬಲವುಳ್ಳವ’ನೆಂದೂ ಇನ್ನೊಬ್ಬನನ್ನು ‘ನಿಜವಾದ ಎಸೆತಗಾರ’ನೆಂದೂ ವರ್ಣಿಸುವುದು ಸಾಮಾನ್ಯ. ಅಮೆರಿಕದ ಇತಿಹಾಸದಲ್ಲಿ ಈ ಪದಗಳು ನಿರಪಾಯವಾಗಿ ಉಳಿದಿಲ್ಲ. ಬುದ್ಧಿ ಬೇಕಾದ ಸ್ಥಾನವೆಂಬ ನೆಪದಿಂದ ಕಪ್ಪು ಜನಾಂಗದ ಆಟಗಾರರನ್ನು ಕ್ವಾರ್ಟರ್‌ಬ್ಯಾಕ್ ಸ್ಥಾನದಿಂದ ತೆಗೆದು ಓಡುವ ಮತ್ತು ಹಿಡಿಯುವ ಸ್ಥಾನಗಳಿಗೆ ಕಳುಹಿಸುವ ಪದ್ಧತಿ ದಶಕಗಳ ಕಾಲ ನಡೆದುಬಂದಿತ್ತು. ೧೯೬೮ರಲ್ಲಿ ಡೆನ್ವರ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಆಡಿ ಯಶಸ್ಸು ಪಡೆದ ಮಾರ್ಲಿನ್ ಬ್ರಿಸ್ಕೊ ಅವರು ಮರುವರ್ಷವೇ ಇನ್ನೊಂದು ತಂಡದಲ್ಲಿ ಚೆಂಡು ಹಿಡಿಯುವವರಾಗಿ ಆಡಬೇಕಾಯಿತು. ೨೦೧೮ರ ವಿವಾದದಲ್ಲಿ ಹರ್ಟ್ಸ್ ಕಪ್ಪು ಜನಾಂಗದವರು, ಟಾಗೊವೈಲೋವಾ ಸಮೋವ ಮೂಲದವರು. ಅವರ ಆಟದ ರೀತಿಗಳಲ್ಲಿ ನಿಜವಾದ ವ್ಯತ್ಯಾಸವಿತ್ತು. ಹಾಗೆಂದು ಹೇಳಿದವರೆಲ್ಲರೂ ಪಕ್ಷಪಾತಿಗಳಲ್ಲ. ಆದರೆ ಹಳೆಯ ಅನ್ಯಾಯವೊಂದರಲ್ಲಿ ಬಳಕೆಯಾದ ಪದಗಳನ್ನು ಮತ್ತೆ ಬಳಸುವಾಗ, ಕಣ್ಣಾರೆ ಕಂಡುದೆಷ್ಟು, ಕಿವಿಯಿಂದ ಬಂದುದೆಷ್ಟು ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವುದು ಯುಕ್ತ.

೭. ಕಾಲ ಕೊಟ್ಟ ಉತ್ತರ

೨೦೧೮ರ ಸೆಪ್ಟೆಂಬರ್ ೧ರಂದು ಲೂಯಿವಿಲ್ ತಂಡದ ಮೇಲಿನ ಪಂದ್ಯವನ್ನು ಟಾಗೊವೈಲೋವಾ ಆರಂಭಿಸಿದರು. ಅಲಬಾಮ ೫೧-೧೪ರಿಂದ ಗೆದ್ದಿತು. ಆ ಆಟದ ವರ್ಷದಲ್ಲಿ ಅವರು ೪೩ ಟಚ್‌ಡೌನ್ ಎಸೆತಗಳನ್ನು ಎಸೆದು, ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್ಮನ್ ಪಾರಿತೋಷಕದ ಆಯ್ಕೆಯಲ್ಲಿ ಎರಡನೆಯ ಸ್ಥಾನ ಪಡೆದರು. ಅವರ ಪಕ್ಷದವರು ತಾವೇ ಸರಿಯೆಂದು ತೀರ್ಮಾನಿಸಿಕೊಂಡರು.

ಆದರೆ ಡಿಸೆಂಬರ್ ೧ರಂದು, ಅದೇ ಅಟ್ಲಾಂಟದಲ್ಲಿ, ಅದೇ ಕ್ರೀಡಾಂಗಣದಲ್ಲಿ, ಅದೇ ಜಾರ್ಜಿಯದ ಎದುರು, ಪ್ರಾದೇಶಿಕ ಸಂಘದ ಅಂತಿಮ ಪಂದ್ಯದಲ್ಲಿ ಟಾಗೊವೈಲೋವಾ ಅವರ ಎಸೆತಗಳು ಗುರಿ ತಪ್ಪತೊಡಗಿದವು. ಕೊನೆಗೆ ಕಾಲಿಗೆ ಪೆಟ್ಟಾಗಿ ಹೊರಗೆ ಹೋದರು. ಆಗ ಅಲಬಾಮ ೨೮-೨೧ರಿಂದ ಹಿಂದಿತ್ತು. ವರ್ಷವೆಲ್ಲ ಕಣದಂಚಿನಲ್ಲಿ ಕಾದಿದ್ದ ಹರ್ಟ್ಸ್ ಒಳಬಂದು, ಒಂದು ಟಚ್‌ಡೌನನ್ನು ಎಸೆದು, ಇನ್ನೊಂದನ್ನು ತಾವೇ ಓಡಿ ಪಡೆದು ತಂಡವನ್ನು ೩೫-೨೮ರಿಂದ ಗೆಲ್ಲಿಸಿದರು. ಹನ್ನೊಂದು ತಿಂಗಳ ಹಿಂದೆ ಆದುದೇ ಪಾತ್ರಗಳನ್ನು ಅದಲುಬದಲು ಮಾಡಿಕೊಂಡು ಮತ್ತೆ ನಡೆದಂತಾಯಿತು. ಈಗ ಹರ್ಟ್ಸ್ ಅವರ ಪಕ್ಷದವರು ತಾವೇ ಸರಿಯೆಂದರು.

೨೦೧೯ರ ಜನವರಿ ೭ರ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಅಲಬಾಮ ಕ್ಲೆಮ್‌ಸನ್ ತಂಡಕ್ಕೆ ೪೪-೧೬ರಿಂದ ಸೋತಿತು. ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್ ಅವರೂ ಮೊದಲನೆಯ ವರ್ಷದ ವಿದ್ಯಾರ್ಥಿ; ಅವರೂ ಅದೇ ಸೆಪ್ಟೆಂಬರಿನಲ್ಲಿ, ಹಿಂದಿನ ವರ್ಷ ತಂಡವನ್ನು ನಡೆಸಿದ್ದ ಕೆಲಿ ಬ್ರಯಂಟ್ ಅವರ ಸ್ಥಾನಕ್ಕೆ ಬಂದವರು.

ಆ ಮೇಲಿನ ಕಥೆ ಯಾವ ಪಕ್ಷಕ್ಕೂ ಪೂರ್ಣ ಜಯವನ್ನು ಕೊಡುವುದಿಲ್ಲ. ಹರ್ಟ್ಸ್ ಅವರು ಓಕ್ಲಹೋಮ ವಿಶ್ವವಿದ್ಯಾನಿಲಯಕ್ಕೆ ಹೋಗಿ ೨೦೧೯ರ ಹೈಸ್ಮನ್ ಆಯ್ಕೆಯಲ್ಲಿ ತಾವೂ ಎರಡನೆಯವರಾದರು. ೨೦೨೦ರಲ್ಲಿ ವೃತ್ತಿತಂಡಗಳು ಆಟಗಾರರನ್ನು ಆರಿಸಿಕೊಂಡಾಗ ಟಾಗೊವೈಲೋವಾ ಐದನೆಯವರಾಗಿ, ಹರ್ಟ್ಸ್ ಐವತ್ತಮೂರನೆಯವರಾಗಿ ಆಯ್ಕೆಯಾದರು. ೨೦೨೩ರಲ್ಲಿ ವೃತ್ತಿ ಸಂಘದಲ್ಲಿಯೇ ಅತ್ಯಧಿಕ ಗಜಗಳನ್ನು ಎಸೆತದಿಂದ ಗಳಿಸಿದವರು ಟಾಗೊವೈಲೋವಾ. ೨೦೨೫ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯ ತಂಡವನ್ನು ಸೂಪರ್ ಬೋಲ್ ಪಂದ್ಯದಲ್ಲಿ ೪೦-೨೨ರಿಂದ ಗೆಲ್ಲಿಸಿ ಆ ಪಂದ್ಯದ ಶ್ರೇಷ್ಠ ಆಟಗಾರರೆನಿಸಿದವರು ಹರ್ಟ್ಸ್. ಇಬ್ಬರಲ್ಲಿ ಒಬ್ಬರು ಅಯೋಗ್ಯರೆಂದು ಗಟ್ಟಿಯಾಗಿ ಹೇಳಿದವರು ಮಾತ್ರ, ಅವರು ಯಾವ ಪಕ್ಷದವರೇ ಆಗಿರಲಿ, ತಪ್ಪಿದರೆಂಬುದು ನಿಸ್ಸಂದೇಹ.

೮. ಪಣಕ್ಕಿಟ್ಟದ್ದು ಯಾರದು?

ಅಭಿಮಾನಿಗೆ ಇಂತಹ ವಾದದಲ್ಲಿ ನಷ್ಟವಾಗುವುದು ಒಂದು ಸಂಜೆಯ ಸಂತೋಷ. ಆಟಗಾರನ ವಿಷಯ ಹಾಗಲ್ಲ. ಆಗ ಜಾರಿಯಲ್ಲಿದ್ದ ನಿಯಮದಂತೆ ಕಾಲೇಜು ಆಟಗಾರನೊಬ್ಬನಿಗೆ ಐದು ವರ್ಷಗಳೊಳಗೆ ನಾಲ್ಕು ಆಟದ ವರ್ಷಗಳು ಮಾತ್ರ ದೊರೆಯುತ್ತಿದ್ದವು. ಆಟವಾಡಿದ್ದಕ್ಕೆ ಸಂಬಳವಿಲ್ಲ, ವಿದ್ಯಾರ್ಥಿವೇತನ ಮಾತ್ರ. ಪದವಿ ಪಡೆಯುವ ಮೊದಲು ಬೇರೆ ವಿಶ್ವವಿದ್ಯಾನಿಲಯಕ್ಕೆ ಹೋದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕುಳಿತಿರಬೇಕಾಗಿತ್ತು. ಇಂತಹ ವ್ಯವಸ್ಥೆಯಲ್ಲಿ ಕಣದಂಚಿನಲ್ಲಿ ಕಳೆದ ಒಂದು ವರ್ಷವೆಂದರೆ ಇಡೀ ಅವಕಾಶದ ಕಾಲುಭಾಗ. ೨೦೧೮ರ ಆಗಸ್ಟಿನಲ್ಲಿ ಹರ್ಟ್ಸ್ ಅವರು ಪತ್ರಿಕಾ ಪ್ರತಿನಿಧಿಗಳ ಮುಂದೆ, ಇಷ್ಟು ತಿಂಗಳುಗಳ ಕಾಲ ತಮ್ಮ ಮನಸ್ಸಿನಲ್ಲೇನಿದೆಯೆಂದು ತಂಡದ ಹಿರಿಯರು ಕೇಳಿರಲಿಲ್ಲವೆಂಬ ಅರ್ಥದ ಮಾತನ್ನಾಡಿದರು. ಲಕ್ಷಾಂತರ ಜನ ಯಾರನ್ನು ಕುರಿತು ಮಾತನಾಡುತ್ತಿದ್ದರೋ ಅವರನ್ನು ಮಾತನಾಡಿಸಿದವರು ವಿರಳ.

ಅದೇ ವರ್ಷ ಜೂನ್ ತಿಂಗಳಲ್ಲಿ ಬಂದ ಹೊಸ ನಿಯಮವೊಂದರಂತೆ, ನಾಲ್ಕು ಪಂದ್ಯಗಳಿಗೆ ಮೀರದಂತೆ ಆಡಿದವನು ಆ ವರ್ಷವನ್ನು ಕಳೆದುಕೊಳ್ಳುತ್ತಿರಲಿಲ್ಲ. ಕ್ಲೆಮ್‌ಸನ್ನಿನ ಬ್ರಯಂಟ್ ಅವರು ನಾಲ್ಕು ಪಂದ್ಯಗಳಾದೊಡನೆ ತಂಡವನ್ನು ಬಿಟ್ಟುದು ಈ ನಿಯಮದ ಬಲದಿಂದ. ಹರ್ಟ್ಸ್ ಅವರು ಉಳಿದರು. ಡಿಸೆಂಬರಿನಲ್ಲಿ ಪದವಿಯನ್ನು ಪಡೆದ ಅನಂತರವೇ ಹೊರಟರು. ಬಿಟ್ಟವರನ್ನು ಕೆಲವರು ಹಳಿದರು, ಉಳಿದವರನ್ನು ಕೆಲವರು ಹೊಗಳಿದರು. ಇಬ್ಬರೂ ತಮಗಿದ್ದ ಅಲ್ಪ ಕಾಲವನ್ನು ತಮಗೆ ತೋಚಿದಂತೆ ಉಳಿಸಿಕೊಂಡವರೇ.

ಅಲ್ಲಿಂದೀಚೆಗೆ ಪರಿಸ್ಥಿತಿ ಬಹಳ ಬದಲಾಗಿದೆ. ೨೦೨೧ರಲ್ಲಿ ಒಂದು ಬಾರಿ ಕಾಯದೆಯೇ ವಿಶ್ವವಿದ್ಯಾನಿಲಯವನ್ನು ಬದಲಿಸಲು ಅನುಮತಿ ಬಂದಿತು. ಅದೇ ವರ್ಷ ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳ ಬಳಕೆಯಿಂದ ಹಣ ಸಂಪಾದಿಸುವುದಕ್ಕಿದ್ದ ನಿಷೇಧ ಸಡಿಲವಾಯಿತು. ೨೦೨೪ರಲ್ಲಿ ಬದಲಾವಣೆಗಳ ಸಂಖ್ಯೆಯ ಮಿತಿಯೂ ಹೋಯಿತು. ೨೦೨೫ರಲ್ಲಿ ನ್ಯಾಯಾಲಯ ಒಪ್ಪಿದ ಒಡಂಬಡಿಕೆಯೊಂದರಿಂದ ವಿಶ್ವವಿದ್ಯಾನಿಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡುವುದಕ್ಕೆ ದಾರಿಯಾಯಿತು. ಇದರಿಂದ ಆಟಗಾರನ ಕೈ ಬಲಗೊಂಡಿದೆ. ಆದರೆ ಸಂಬಳ ಪಡೆಯುವವನನ್ನು ಹೇಗೆ ಬೇಕಾದರೂ ಆಡಿಕೊಳ್ಳಬಹುದೆಂಬ ಭಾವನೆಯೂ ಅದರೊಡನೆ ಬಲಗೊಂಡರೆ ಆಶ್ಚರ್ಯವಿಲ್ಲ.

೯. ಉಪಸಂಹಾರ

ಇಷ್ಟರಿಂದ ನಿಷ್ಪನ್ನವಾಗುವುದೇನು? ಅಭಿಮಾನಿಗಳು ವಾದಿಸಬಾರದೆಂದಲ್ಲ. ವಾದವೇ ಆ ಆಟದ ಸುಖದಲ್ಲಿ ಅರ್ಧಭಾಗ. ತನ್ನ ಊರಿನ ತಂಡದ ಮೇಲಣ ಪ್ರೀತಿ ಎಂಟು ತಿಂಗಳು ಮಾತಾಗಿ ಹರಿಯುವುದರಲ್ಲಿ ಕೆಡುಕೇನೂ ಇಲ್ಲ. ವಾದಿಸುವಾಗ ಮೂರು ಸಂಗತಿಗಳನ್ನು ನೆನಪಿನಲ್ಲಿಟ್ಟರೆ ಸಾಕು. ನಾವು ಸಾಮರ್ಥ್ಯವನ್ನು ಕುರಿತು ಮಾತನಾಡುತ್ತಿದ್ದೇವೆಯೋ, ಭವಿಷ್ಯವನ್ನು ಕುರಿತೋ, ನ್ಯಾಯವನ್ನು ಕುರಿತೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ನಮ್ಮ ಮುಂದಿರುವ ಪ್ರಮಾಣವೆಷ್ಟು, ಅದನ್ನು ನಮಗಾಗಿ ಆರಿಸಿಕೊಟ್ಟವರು ಯಾರು ಎಂದು ಕೇಳಬೇಕು. ಕೊನೆಯ ಎಸೆತದ ಬೆಳಕಿನಲ್ಲಿ ಮೊದಲಿನವುಗಳನ್ನೆಲ್ಲ ಅಳೆಯಬಾರದು.

ಈ ಮಾತುಗಳು ಕ್ರೀಡಾಂಗಣದಲ್ಲಿಯೇ ನಿಲ್ಲತಕ್ಕವಲ್ಲ. ಅಧ್ಯಾಪಕರಾದ ನಾವೂ ಮೂರು ಗಂಟೆಗಳ ಪರೀಕ್ಷೆಯಲ್ಲಿ ಎಂಟು ಪ್ರಶ್ನೆಗಳನ್ನು ಕೊಟ್ಟು, ಅವುಗಳಲ್ಲಿ ಮೂರಕ್ಕೆ ಸರಿಯಾದ ಉತ್ತರ ಬಂದರೆ ಆ ವಿದ್ಯಾರ್ಥಿಯ ಮೇಲೆ ಒಂದು ಗುರುತನ್ನು ಹಾಕಿಬಿಡುತ್ತೇವೆ. ಆ ಗುರುತು ಅವನೊಡನೆ ಬಹಳ ದೂರ ನಡೆಯುತ್ತದೆ. ತೀರ್ಮಾನ ಮಾಡದಿರುವ ಸ್ವಾತಂತ್ರ್ಯ ತರಬೇತುದಾರರಿಗೆ ಹೇಗಿಲ್ಲವೋ ಹಾಗೆಯೇ ನಮಗೂ ಇಲ್ಲ; ಪಟ್ಟಿಯಲ್ಲಿ ಯಾರಾದರೊಬ್ಬರ ಹೆಸರು ಮೊದಲು ಬರಲೇಬೇಕು. ಆದರೆ ಎಂಟು ಉತ್ತರಗಳಿಂದ ತಿಳಿಯುವುದು ಎಂಟು ಉತ್ತರಗಳಷ್ಟೇ ಎಂಬ ಅರಿವಿನೊಡನೆ ಆ ತೀರ್ಮಾನವನ್ನು ಮಾಡುವುದು, ಹಿಂದೆ ನಿಂತವನಿಗೆ ಇನ್ನೊಂದು ಸಲ ಕಣಕ್ಕಿಳಿಯುವ ಬಾಗಿಲನ್ನು ತೆರೆದಿಡುವುದು ನಮ್ಮ ಕೈಯಲ್ಲಿದೆ. ಹರ್ಟ್ಸ್ ಅವರಿಗೆ ಅಂತಹ ಬಾಗಿಲು ಡಿಸೆಂಬರಿನ ಒಂದು ಸಂಜೆ ಆಕಸ್ಮಿಕವಾಗಿ ತೆರೆಯಿತು. ಎಲ್ಲರಿಗೂ ಆಕಸ್ಮಿಕವನ್ನೇ ನೆಚ್ಚಿಕೊಂಡಿರಿ ಎಂದು ಹೇಳುವುದು ವಿದ್ಯಾಸಂಸ್ಥೆಗಳಿಗೆ ತಕ್ಕುದಲ್ಲ.